ಅಫೀಮು ವರ್ಗದ ಮಾದಕಗಳು ಮತ್ತು ಶಾಲೆಯ ಪಾಠ

೧. ವಿಷಯ ಪ್ರವೇಶ

ಕೇಡೆಂದು ತಿಳಿದೂ ಮನುಷ್ಯನು ಆ ಕೇಡಿನ ಕಡೆಗೇ ನಡೆಯುವುದೇಕೆ? ಶಿಕ್ಷಣವನ್ನು ಕುರಿತು ಆಲೋಚಿಸುವವರೆಲ್ಲರನ್ನೂ ಕಾಡಿದ ಪ್ರಶ್ನೆಯಿದು. ತಿಳಿವಳಿಕೆಯೊಂದೇ ಸಾಕಾಗಿದ್ದರೆ, ಧೂಮಪಾನದ ದುಷ್ಪರಿಣಾಮವನ್ನು ಚೆನ್ನಾಗಿ ಬಲ್ಲ ವೈದ್ಯರಲ್ಲಿ ಒಬ್ಬ ಧೂಮಪಾನಿಯೂ ಇರುತ್ತಿರಲಿಲ್ಲ. ಹದಿಹರೆಯದ ಮಕ್ಕಳನ್ನು ಮಾದಕ ವಸ್ತುಗಳಿಂದ ಕಾಪಾಡಲು ಶಾಲೆಗಳು ಕೊಡುವ ಶಿಕ್ಷಣಕ್ಕೂ ಈ ಮಾತು ಅನ್ವಯಿಸುತ್ತದೆ. ವರ್ಷಕ್ಕೊಮ್ಮೆ ಉಪನ್ಯಾಸ ಏರ್ಪಡಿಸಿ, ಭಿತ್ತಿಪತ್ರ ಅಂಟಿಸಿ, ಪ್ರತಿಜ್ಞೆ ಮಾಡಿಸಿದರೆ ಶಾಲೆಯ ಕರ್ತವ್ಯ ಮುಗಿಯಿತೇ? ಅದರಿಂದ ಮಕ್ಕಳಿಗೆ ನಿಜವಾದ ರಕ್ಷಣೆ ದೊರೆಯುವುದೇ? ಈ ಪ್ರಶ್ನೆಗಳನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಇಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ಅನುಭವವನ್ನು ಮುಖ್ಯವಾಗಿ ಎತ್ತಿಕೊಳ್ಳಲಾಗಿದೆ. ಇದಕ್ಕೆ ಎರಡು ಕಾರಣಗಳುಂಟು. ಅಫೀಮು ವರ್ಗದ ಔಷಧಗಳ ದುರ್ಬಳಕೆಯಿಂದ ಆ ದೇಶ ತೆತ್ತಷ್ಟು ಬೆಲೆಯನ್ನು ಇತ್ತೀಚಿನ ದಶಕಗಳಲ್ಲಿ ಬೇರೆ ದೇಶಗಳು ತೆತ್ತದ್ದು ವಿರಳ. ಅಲ್ಲದೆ ಶಾಲೆಗಳಲ್ಲಿ ಯಾವ ಪಾಠ ಫಲಿಸಿತು, ಯಾವುದು ಫಲಿಸಲಿಲ್ಲ ಎಂಬುದನ್ನು ಅಲ್ಲಿಯವರು ದೀರ್ಘಕಾಲ ಅಳೆದು ನೋಡಿದ್ದಾರೆ. ಅನ್ಯರ ಅನುಭವದಿಂದ ಕಲಿಯುವುದು ಅಗ್ಗದ ವಿದ್ಯೆ. ಅದನ್ನು ಬಿಡುವುದು ಜಾಣತನವಲ್ಲ.

೨. ಅಫೀಮಿನ ವಂಶ

ಹಬ್ಬದ ದಿನ ಪಾಯಸಕ್ಕೆ ಬಳಸುವ ಗಸಗಸೆ ಎಲ್ಲರಿಗೂ ಪರಿಚಿತ. ಆ ಬೀಜ ನಿರಪಾಯಕಾರಿ. ಆದರೆ ಅದೇ ಗಿಡದ ಬಲಿಯದ ಕಾಯಿಯನ್ನು ಗೀರಿದಾಗ ಒಸರುವ ಹಾಲು ಒಣಗಿ ಅಫೀಮಾಗುತ್ತದೆ. ಭಾರತದಲ್ಲಿ ಮಧ್ಯಪ್ರದೇಶ, ರಾಜಸ್ಥಾನ ಮತ್ತು ಉತ್ತರಪ್ರದೇಶಗಳ ಕೆಲವು ಭಾಗಗಳಲ್ಲಿ ಸರ್ಕಾರದ ಪರವಾನಗಿ ಪಡೆದ ರೈತರು ಔಷಧ ತಯಾರಿಕೆಗಾಗಿ ಇದನ್ನು ಬೆಳೆಯುತ್ತಾರೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಸರ್ಟ್ಯೂರ್ನರ್ ಎಂಬಾತನು ಅಫೀಮಿನಿಂದ ಮಾರ್ಫಿನ್ ಎಂಬ ಸಾರವನ್ನು ಬೇರ್ಪಡಿಸಿದನು. ಕೆಮ್ಮಿನ ಔಷಧಗಳಲ್ಲಿ ಬಳಸುವ ಕೊಡೀನ್ ಕೂಡ ಅಫೀಮಿನಲ್ಲಿಯೇ ದೊರೆಯುತ್ತದೆ. ೧೮೭೪ರಲ್ಲಿ ಲಂಡನ್ನಿನಲ್ಲಿ ಮಾರ್ಫಿನ್ನಿನಿಂದ ತಯಾರಾದ ಇನ್ನೊಂದು ವಸ್ತುವನ್ನು ೧೮೯೮ರಲ್ಲಿ ಬೇಯರ್ ಕಂಪನಿ ಹೆರಾಯಿನ್ ಎಂಬ ಹೆಸರಿನಲ್ಲಿ ಕೆಮ್ಮಿನ ಔಷಧವಾಗಿ ಮಾರಾಟಕ್ಕೆ ತಂದಿತು. ಔಷಧವೆಂದು ಹುಟ್ಟಿ ಮಾರಿಯಾಗಿ ಬೆಳೆದ ವಸ್ತುಗಳಲ್ಲಿ ಅದು ಮೊದಲಿನದೂ ಅಲ್ಲ, ಕೊನೆಯದೂ ಅಲ್ಲ. ಟ್ರಮಡಾಲ್, ಟ್ಯಾಪೆಂಟಡಾಲ್, ಫೆಂಟನಿಲ್ ಮುಂತಾದವು ಗಿಡದ ಹಂಗಿಲ್ಲದೆ ಪ್ರಯೋಗಶಾಲೆಯಲ್ಲಿಯೇ ತಯಾರಾಗುವ ಇದೇ ವಂಶದ ಔಷಧಗಳು. ಫೆಂಟನಿಲ್ಲಿನ ಶಕ್ತಿ ಮಾರ್ಫಿನ್ನಿಗಿಂತ ೫೦ರಿಂದ ೧೦೦ ಪಟ್ಟು ಹೆಚ್ಚು.

ಇವೆಲ್ಲವೂ ಕೆಲಸ ಮಾಡುವ ಬಗೆ ಒಂದೇ. ನೋವನ್ನು ತಗ್ಗಿಸಲು ನಮ್ಮ ದೇಹ ತಾನೇ ಕೆಲವು ರಾಸಾಯನಿಕಗಳನ್ನು ತಯಾರಿಸಿಕೊಳ್ಳುತ್ತದೆ. ಅವು ಬಂದು ಸೇರುವ ಮಿದುಳಿನ ಗ್ರಾಹಕಗಳನ್ನೇ ಅಫೀಮು ವರ್ಗದ ಔಷಧಗಳೂ ಸೇರುತ್ತವೆ. ನೋವು ಅಡಗುತ್ತದೆ, ಮನಸ್ಸಿಗೆ ಹಿತವೆನಿಸುತ್ತದೆ. ಶಸ್ತ್ರಚಿಕಿತ್ಸೆಗೆ ಒಳಗಾದವರಿಗೆ, ಕ್ಯಾನ್ಸರ್ ರೋಗಿಗಳಿಗೆ ಇದು ವರವೇ ಸರಿ. ಆದರೆ ಉಸಿರಾಟವನ್ನು ನಡೆಸುವ ಮಿದುಳಿನ ಭಾಗದಲ್ಲಿಯೂ ಇದೇ ಗ್ರಾಹಕಗಳಿವೆ. ಪ್ರಮಾಣ ಮೀರಿದರೆ ಉಸಿರು ನಿಧಾನವಾಗುತ್ತ ಹೋಗಿ ನಿಂತೇ ಬಿಡುತ್ತದೆ. ಪದೇ ಪದೇ ಸೇವಿಸಿದಾಗ ದೇಹ ಅದಕ್ಕೆ ಒಗ್ಗಿಕೊಳ್ಳುವುದರಿಂದ ಅದೇ ಹಿತಕ್ಕಾಗಿ ಹೆಚ್ಚು ಪ್ರಮಾಣ ಬೇಕಾಗುತ್ತದೆ. ಕೆಲವು ಕಾಲ ಬಿಟ್ಟವರು ಮತ್ತೆ ಹಳೆಯ ಪ್ರಮಾಣವನ್ನೇ ತೆಗೆದುಕೊಂಡಾಗ, ಒಗ್ಗುವ ಶಕ್ತಿ ಕಳೆದುಹೋಗಿರುವುದರಿಂದ ಪ್ರಾಣಕ್ಕೇ ಅಪಾಯವಾಗುತ್ತದೆ.

೩. ಹದಿಹರೆಯದ ಸ್ವಭಾವ

ಹದಿಮೂರರಿಂದ ಹತ್ತೊಂಬತ್ತರ ವಯಸ್ಸು ವಿಶೇಷವಾದುದು. ಸುಖ, ಉತ್ಸಾಹ, ಗೆಳೆಯರ ಮೆಚ್ಚುಗೆ ಇವುಗಳಿಗೆ ಸ್ಪಂದಿಸುವ ಮಿದುಳಿನ ಭಾಗಗಳು ಈ ವಯಸ್ಸಿನಲ್ಲಿ ಚುರುಕಾಗಿರುತ್ತವೆ. ಮುಂದಾಲೋಚನೆಗೂ ಸಂಯಮಕ್ಕೂ ಕಾರಣವಾದ ಹಣೆಯ ಹಿಂಬದಿಯ ಭಾಗವು ಇಪ್ಪತ್ತರ ವಯಸ್ಸು ದಾಟಿದ ಮೇಲೂ ಕೆಲವು ವರ್ಷ ಬೆಳೆಯುತ್ತಲೇ ಇರುತ್ತದೆ. ಹದಿನೈದರ ಬಾಲಕನಿಗೆ ‘ಇದನ್ನು ಸೇವಿಸಿದರೆ ಮೂವತ್ತರಲ್ಲಿ ನಾಶವಾಗುತ್ತೀಯೆ’ ಎಂದು ಹೇಳಿದ ಮಾತಿಗಿಂತ, ‘ಇವನು ಅಂಜುಬುರುಕ’ ಎಂದು ಗೆಳೆಯನು ನಕ್ಕ ನಗುವೇ ಬಲವಾಗಿ ತಾಕುತ್ತದೆ. ಪಾಠವನ್ನು ಯೋಜಿಸುವವರು ವಯಸ್ಸಿನ ಈ ಧರ್ಮವನ್ನು ಗಮನದಲ್ಲಿಡುವುದು ಅವಶ್ಯ.

ದುರಭ್ಯಾಸಕ್ಕೆ ಬೀಳುವವರು ಕೆಟ್ಟ ಮಕ್ಕಳು ಮಾತ್ರ ಎಂಬ ಕಲ್ಪನೆಯೂ ಸರಿಯಲ್ಲ. ಅಮೆರಿಕದಲ್ಲಿ ೨೦೧೫ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಹನ್ನೆರಡನೆಯ ತರಗತಿಯನ್ನು ಮುಗಿಸುವ ಮುನ್ನ ವೈದ್ಯರ ಚೀಟಿಯ ಮೇರೆಗೆ ಇಂಥ ನೋವು ನಿವಾರಕ ಪಡೆದವರಲ್ಲಿ ಮುಂದೆ ಅದನ್ನು ದುರ್ಬಳಕೆ ಮಾಡುವ ಸಂಭವ ಶೇಕಡ ೩೩ರಷ್ಟು ಹೆಚ್ಚಾಗಿತ್ತು. ಈ ಹೆಚ್ಚಳ ಕಂಡುಬಂದದ್ದು ಮುಖ್ಯವಾಗಿ ಮಾದಕಗಳ ಅನುಭವವೇ ಇಲ್ಲದ, ಅವುಗಳನ್ನು ಒಪ್ಪದ ಸಭ್ಯ ವಿದ್ಯಾರ್ಥಿಗಳಲ್ಲಿ. ಹಲ್ಲು ಕೀಳಿಸಿದಾಗ, ಆಟದಲ್ಲಿ ಪೆಟ್ಟು ಬಿದ್ದಾಗ ಮನೆಗೆ ಬಂದ ಮಾತ್ರೆಯೇ ಕೆಲವರ ಪಾಲಿಗೆ ಮೊದಲ ಮೆಟ್ಟಿಲಾಯಿತು. ೧೯೯೬ರಲ್ಲಿ ಪರ್ಡ್ಯೂ ಎಂಬ ಕಂಪನಿ ಆಕ್ಸಿಕಾಂಟಿನ್ ಎಂಬ ಪ್ರಬಲ ಮಾತ್ರೆಯನ್ನು ಮಾರುಕಟ್ಟೆಗೆ ತಂದು, ಅದರಿಂದ ವ್ಯಸನದ ಭಯ ಕಡಿಮೆಯೆಂದು ಪ್ರಚಾರ ಮಾಡಿತು. ಈ ತಪ್ಪು ಪ್ರಚಾರಕ್ಕಾಗಿ ೨೦೦೭ರಲ್ಲಿ ಅದರ ಅಂಗಸಂಸ್ಥೆ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಿತಾದರೂ, ಅಷ್ಟರಲ್ಲಿ ಮಾತ್ರೆಗಳು ಅಸಂಖ್ಯ ಮನೆಗಳ ಕಪಾಟುಗಳನ್ನು ಸೇರಿದ್ದವು.

೪. ಹೆದರಿಸುವ ಪಾಠದ ಫಲ

೧೯೮೩ರಲ್ಲಿ ಲಾಸ್ ಏಂಜಲೀಸ್ ನಗರದ ಪೊಲೀಸರೂ ಶಾಲಾಮಂಡಲಿಯೂ ಕೂಡಿ ‘ಡೇರ್’ ಎಂಬ ಕಾರ್ಯಕ್ರಮವನ್ನು ಆರಂಭಿಸಿದರು. ಸಮವಸ್ತ್ರ ಧರಿಸಿದ ಪೊಲೀಸ್ ಅಧಿಕಾರಿ ತರಗತಿಗೆ ಬಂದು ಮಾದಕಗಳ ಹಾನಿಯನ್ನು ವಿವರಿಸುವುದು, ಮಕ್ಕಳು ‘ಬೇಡ’ ಎನ್ನಲು ಪಣ ತೊಡುವುದು ಅದರ ಕ್ರಮ. ಪಾಲಕರಿಗೂ ಅಧಿಕಾರಿಗಳಿಗೂ ಅದು ಅತ್ಯಂತ ಪ್ರಿಯವಾಗಿ, ದೇಶದ ಬಹುಪಾಲು ಶಾಲಾಮಂಡಲಿಗಳಿಗೆ ಹಬ್ಬಿತು. ಆದರೆ ೧೯೯೪ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮಾದಕ ಸೇವನೆಯ ಮೇಲೆ ಅದರ ಪರಿಣಾಮ ಅತ್ಯಲ್ಪವೆಂದು ತಿಳಿದುಬಂದಿತು. ೧೯೯೯ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವು ಪಾಠ ಕೇಳಿದ ಮಕ್ಕಳನ್ನು ಹತ್ತು ವರ್ಷಗಳ ಅನಂತರ ಭೇಟಿ ಮಾಡಿತು. ಆ ಪಾಠ ಕೇಳಿದವರಿಗೂ ಕೇಳದವರಿಗೂ ವ್ಯತ್ಯಾಸ ಕಾಣಲಿಲ್ಲ.

ಮಕ್ಕಳಿಗೆ ಹೇಳಿದ ವಿಷಯ ಸುಳ್ಳಾಗಿರಲಿಲ್ಲ, ಹೇಳಿದವರ ಉದ್ದೇಶವೂ ಒಳ್ಳೆಯದೇ ಆಗಿತ್ತು. ಕೊರತೆಯಿದ್ದುದು ವಿಧಾನದಲ್ಲಿ. ಕೇಳುವವನು ಸುಮ್ಮನೆ ಕುಳಿತು ಕೇಳಿದ ಪಾಠ, ನಡೆಯಬೇಕಾದ ಗಳಿಗೆಯಲ್ಲಿ ಕೈಗೆ ಬರಲಿಲ್ಲ. ವಿಶ್ವಸಂಸ್ಥೆಯ ಮಾದಕ ಹಾಗೂ ಅಪರಾಧ ಕಚೇರಿಯೂ ವಿಶ್ವ ಆರೋಗ್ಯ ಸಂಸ್ಥೆಯೂ ಕೂಡಿ ೨೦೧೮ರಲ್ಲಿ ಹೊರತಂದ ಮಾರ್ಗದರ್ಶಿಯೂ ಇದನ್ನೇ ಹೇಳುತ್ತದೆ: ಕೇವಲ ಮಾಹಿತಿ ನೀಡುವುದು, ಭಯ ಹುಟ್ಟಿಸುವುದು, ಹಿಂದೆ ವ್ಯಸನಿಯಾಗಿದ್ದವರಿಂದ ಭಾಷಣ ಮಾಡಿಸುವುದು, ಇವು ಫಲ ಕೊಡುವುದಿಲ್ಲ; ಕೆಲವೊಮ್ಮೆ ವಿಪರೀತ ಫಲವನ್ನೂ ಕೊಡುತ್ತವೆ.

೫. ಅಭ್ಯಾಸ ಮಾಡಿಸುವ ಪಾಠ

ಇದಕ್ಕೆ ಭಿನ್ನವಾದ ಮಾರ್ಗವನ್ನು ನ್ಯೂಯಾರ್ಕಿನ ಕಾರ್ನೆಲ್ ವೈದ್ಯಕೀಯ ಕಾಲೇಜಿನ ಗಿಲ್ಬರ್ಟ್ ಬಾಟ್ವಿನ್ ಅನುಸರಿಸಿದರು. ಅವರ ಜೀವನ ಕೌಶಲ ಶಿಕ್ಷಣದಲ್ಲಿ ಮಾದಕಗಳ ವಿಷಯ ಒಂದು ಭಾಗ ಮಾತ್ರ. ಕೋಪವನ್ನೂ ಆತಂಕವನ್ನೂ ನಿಭಾಯಿಸುವುದು, ನಿರ್ಧಾರ ಕೈಗೊಳ್ಳುವ ಕ್ರಮ, ಜಾಹೀರಾತಿನ ಮೋಸವನ್ನು ಗುರುತಿಸುವುದು, ಸ್ನೇಹ ಕೆಡದಂತೆ ನಿರಾಕರಿಸುವುದು, ಇವುಗಳನ್ನು ಮಕ್ಕಳು ತಾವೇ ಮಾಡಿ ಕಲಿಯುತ್ತಾರೆ. ಮೊದಲ ವರ್ಷ ಸುಮಾರು ೧೫ ಪಾಠಗಳು. ಮುಂದಿನ ಎರಡು ವರ್ಷಗಳಲ್ಲಿ ಪುನರಾವರ್ತನೆ. ನ್ಯೂಯಾರ್ಕ್ ರಾಜ್ಯದ ೫೬ ಶಾಲೆಗಳಲ್ಲಿ ನಡೆದ ಪ್ರಯೋಗದ ಫಲಿತಾಂಶ ೧೯೯೫ರಲ್ಲಿ ಪ್ರಕಟವಾಯಿತು. ಏಳನೆಯ ತರಗತಿಯಲ್ಲಿ ಆರಂಭಿಸಿದ ಪಾಠದ ಫಲ ಹನ್ನೆರಡನೆಯ ತರಗತಿಯಲ್ಲಿಯೂ ಉಳಿದಿತ್ತು. ತಂಬಾಕು, ಮದ್ಯ, ಗಾಂಜಾಗಳ ಬಳಕೆ ಈ ಮಕ್ಕಳಲ್ಲಿ ಕಡಿಮೆಯಾಗಿತ್ತು.

ಅಯೋವಾ ಮತ್ತು ಪೆನ್ಸಿಲ್ವೇನಿಯ ರಾಜ್ಯಗಳ ೨೮ ಊರುಗಳಲ್ಲಿ ನಡೆದ ಇನ್ನೊಂದು ಪ್ರಯೋಗದಲ್ಲಿ ಶಾಲೆಯ ಪಾಠದೊಡನೆ ಪಾಲಕರ ಶಿಕ್ಷಣವನ್ನೂ ಸೇರಿಸಲಾಯಿತು. ಆರನೆಯ ತರಗತಿಯ ಮಕ್ಕಳೂ ಅವರ ತಾಯಿತಂದೆಯರೂ ಕೆಲವು ಸಂಜೆ ಒಟ್ಟಿಗೆ ಕುಳಿತು ಮನೆಯ ನಿಯಮಗಳನ್ನೂ ಪರಸ್ಪರ ಮಾತುಕತೆಯನ್ನೂ ಅಭ್ಯಾಸ ಮಾಡಿದರು. ಏಳನೆಯ ತರಗತಿಯಲ್ಲಿ ಶಾಲೆಯ ಪಾಠ ನಡೆಯಿತು. ವರ್ಷಗಳು ಕಳೆದ ಮೇಲೆ ಈ ಊರುಗಳ ತರುಣರಲ್ಲಿ ನೋವು ನಿವಾರಕ ಮಾತ್ರೆಗಳ ದುರ್ಬಳಕೆಯೂ ಕಡಿಮೆಯಾಗಿತ್ತೆಂದು ೨೦೧೩ರ ವರದಿ ತಿಳಿಸಿತು. ಆ ಪಾಠಗಳು ಅಫೀಮು ವರ್ಗದ ಔಷಧಗಳನ್ನು ಉದ್ದೇಶಿಸಿ ರಚಿತವಾದವುಗಳಲ್ಲ ಎಂಬುದು ಗಮನಾರ್ಹ. ಸ್ವಭಾವ ಗಟ್ಟಿಯಾದರೆ ಮುಂದೆ ಬರಲಿರುವ ಹೊಸ ಹೆಸರಿನ ವಿಷವನ್ನೂ ಎದುರಿಸುವ ಶಕ್ತಿ ಬರುತ್ತದೆ.

೧೯೮೦ರ ದಶಕದ ಮಧ್ಯದಲ್ಲಿ ಬಾಲ್ಟಿಮೋರ್ ನಗರದ ಒಂದನೆಯ ತರಗತಿಗಳಲ್ಲಿ ಮಾದಕದ ಹೆಸರನ್ನೇ ಎತ್ತದೆ ಒಂದು ಆಟವನ್ನು ಆಡಿಸಲಾಯಿತು. ಗುಂಪಾಗಿ ಕುಳಿತ ಮಕ್ಕಳು ಶಿಸ್ತನ್ನು ಕಾಪಾಡಿಕೊಂಡರೆ ಇಡೀ ಗುಂಪಿಗೆ ಬಹುಮಾನ, ಅಷ್ಟೆ. ಆ ಮಕ್ಕಳು ಇಪ್ಪತ್ತರ ವಯಸ್ಸಿಗೆ ಬಂದಾಗ, ಬಾಲ್ಯದಲ್ಲಿ ಅತಿ ಒರಟರಾಗಿದ್ದ ಹುಡುಗರಲ್ಲಿ ಮಾದಕ ವ್ಯಸನ ಗಣನೀಯವಾಗಿ ಕಡಿಮೆಯಿತ್ತು. ತಡೆಗಟ್ಟುವ ಶಿಕ್ಷಣವು ಹತ್ತನೆಯ ತರಗತಿಯಲ್ಲಲ್ಲ, ಅಕ್ಷರಾಭ್ಯಾಸದ ಜೊತೆಯಲ್ಲಿಯೇ ಆರಂಭವಾಗಬಹುದೆಂಬುದಕ್ಕೆ ಇದು ಸಾಕ್ಷಿ.

೬. ಸೇವಿಸುವವರು ಕಡಿಮೆಯಾದರು, ಸಾವು ಹೆಚ್ಚಿತು

ಆದರೆ ಇತ್ತೀಚಿನ ವರ್ಷಗಳು ಇನ್ನೊಂದು ಪಾಠವನ್ನೂ ಕಲಿಸಿವೆ. ಹೆರಾಯಿನ್ ಬಿಟ್ಟು ಉಳಿದ ಅಫೀಮು ವರ್ಗದ ಔಷಧಗಳನ್ನು ದುರ್ಬಳಕೆ ಮಾಡುವ ಹನ್ನೆರಡನೆಯ ತರಗತಿಯ ವಿದ್ಯಾರ್ಥಿಗಳು ಅಮೆರಿಕದಲ್ಲಿ ೨೦೦೪ರಲ್ಲಿ ಶೇಕಡ ೯.೫ರಷ್ಟಿದ್ದರು, ೨೦೨೨ರ ಹೊತ್ತಿಗೆ ಶೇಕಡ ೨ಕ್ಕಿಂತ ಕಡಿಮೆಯಾದರು. ಇಷ್ಟಾದರೂ ೨೦೧೯ರ ಉತ್ತರಾರ್ಧಕ್ಕೂ ೨೦೨೧ರ ಉತ್ತರಾರ್ಧಕ್ಕೂ ನಡುವೆ ೧೦ರಿಂದ ೧೯ ವಯಸ್ಸಿನವರಲ್ಲಿ ಅತಿಸೇವನೆಯ ಸಾವು ತಿಂಗಳ ಲೆಕ್ಕದಲ್ಲಿ ಎರಡು ಪಟ್ಟು ಮೀರಿತು. ಇದಕ್ಕೆ ಮುಖ್ಯ ಕಾರಣ ಕಳ್ಳತನದಿಂದ ತಯಾರಾದ ಫೆಂಟನಿಲ್. ಔಷಧದ ಅಂಗಡಿಯ ಮಾತ್ರೆಯಂತೆಯೇ ಬಣ್ಣ, ಆಕಾರ, ಅಚ್ಚು ಇರುವ ನಕಲಿ ಮಾತ್ರೆಗಳನ್ನು ಮೊಬೈಲ್ ಮೂಲಕ ಮಾರಲಾಗುತ್ತಿತ್ತು. ಎರಡು ಮಿಲಿಗ್ರಾಂ ಫೆಂಟನಿಲ್ ಒಬ್ಬರ ಪ್ರಾಣ ತೆಗೆಯಬಲ್ಲದು.

ಆ ದೇಶದ ರೋಗ ನಿಯಂತ್ರಣ ಕೇಂದ್ರವು ೨೦೨೨ರಲ್ಲಿ ಪ್ರಕಟಿಸಿದ ವರದಿಯ ಮೂರು ಅಂಶಗಳು ಪ್ರತಿಯೊಬ್ಬ ಉಪಾಧ್ಯಾಯರ ಮನಸ್ಸಿನಲ್ಲಿರಬೇಕು. ಸತ್ತ ಮಕ್ಕಳಲ್ಲಿ ಅಫೀಮು ವರ್ಗದ ವಸ್ತುಗಳನ್ನು ಹಿಂದೆ ಬಳಸಿದ್ದರೆಂಬ ದಾಖಲೆಯಿದ್ದದ್ದು ಸುಮಾರು ಮೂರರಲ್ಲಿ ಒಬ್ಬರಿಗೆ ಮಾತ್ರ. ಹತ್ತರಲ್ಲಿ ನಾಲ್ವರಿಗೆ ಮಾನಸಿಕ ತೊಂದರೆಯ ಅಥವಾ ಅದರ ಚಿಕಿತ್ಸೆಯ ಲಕ್ಷಣಗಳಿದ್ದವು. ಮೂರರಲ್ಲಿ ಎರಡು ಸಾವುಗಳಲ್ಲಿ ಹತ್ತಿರದಲ್ಲಿಯೇ ಇನ್ನೊಬ್ಬರಿದ್ದರು; ಆದರೆ ಬಹುಮಂದಿ ಏನನ್ನೂ ಮಾಡಲಿಲ್ಲ. ಕೆಲವರು ಬೇರೆ ಕೋಣೆಯಲ್ಲಿದ್ದರು, ಕೆಲವರಿಗೆ ಮಾತ್ರೆ ಸೇವಿಸಿದ ಸಂಗತಿಯೇ ತಿಳಿದಿರಲಿಲ್ಲ.

೨೦೨೨ರ ಸೆಪ್ಟೆಂಬರಿನಲ್ಲಿ ಲಾಸ್ ಏಂಜಲೀಸಿನ ಒಂದು ಪ್ರೌಢಶಾಲೆಯ ಶೌಚಾಲಯದಲ್ಲಿ ೧೫ ವರ್ಷದ ವಿದ್ಯಾರ್ಥಿನಿಯೊಬ್ಬಳು ಇಂಥ ಮಾತ್ರೆಯಿಂದ ಸತ್ತು ಬಿದ್ದಿದ್ದಳು. ಆ ತಿಂಗಳಲ್ಲಿಯೇ ಅಲ್ಲಿಯ ಶಾಲಾಮಂಡಲಿ ತನ್ನ ಎಲ್ಲ ಶಾಲೆಗಳಲ್ಲಿಯೂ ನಾಲೊಕ್ಸೋನ್ ಎಂಬ ಔಷಧವನ್ನು ಇಡುವುದಾಗಿ ಪ್ರಕಟಿಸಿತು. ಮೂಗಿನೊಳಗೆ ಸಿಂಪಡಿಸಿದರೆ ಅದು ಗ್ರಾಹಕಗಳಿಂದ ಮಾದಕವನ್ನು ಹೊರದೂಡಿ ಉಸಿರನ್ನು ಮರಳಿ ತರುತ್ತದೆ. ೨೦೨೩ರ ಮಾರ್ಚಿನಲ್ಲಿ ವೈದ್ಯರ ಚೀಟಿಯಿಲ್ಲದೆ ಅದನ್ನು ಮಾರಲು ಅಮೆರಿಕ ಸರ್ಕಾರ ಅನುಮತಿ ಕೊಟ್ಟಿತು. ೧೯೮೩ರಲ್ಲಿ ‘ಬೇಡ ಎನ್ನು’ ಎಂಬ ಪಾಠ ಹುಟ್ಟಿದ ನಗರವೇ ‘ಗೆಳೆಯನ ಉಸಿರು ನಿಂತಾಗ ಏನು ಮಾಡಬೇಕು’ ಎಂಬ ಪಾಠಕ್ಕೂ ಬಂದು ನಿಲ್ಲಬೇಕಾಯಿತು. ಮೊದಲ ಪಾಠ ಬೇಡವೆಂದು ಇದರ ಅರ್ಥವಲ್ಲ, ಅದೊಂದೇ ಸಾಲದು. ಆ ದೇಶದಲ್ಲಿ ಎಲ್ಲ ವಯಸ್ಸಿನವರ ಅತಿಸೇವನೆಯ ಸಾವು ೨೦೨೩ರಲ್ಲಿ ಒಂದು ಲಕ್ಷಕ್ಕೂ ಮಿಕ್ಕಿದ್ದುದು, ೨೦೨೪ರಲ್ಲಿ ಸುಮಾರು ೮೦ ಸಾವಿರಕ್ಕೆ ಇಳಿಯಿತು.

೭. ನಮ್ಮ ದೇಶದ ಸ್ಥಿತಿ

ಇದು ದೂರದೇಶದ ಮಾತೆಂದು ನಾವು ನಿಶ್ಚಿಂತರಾಗಿರುವಂತಿಲ್ಲ. ಕೇಂದ್ರ ಸರ್ಕಾರದ ಪರವಾಗಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆ ನಡೆಸಿ ೨೦೧೯ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ, ೧೦ರಿಂದ ೭೫ ವಯಸ್ಸಿನವರಲ್ಲಿ ಸುಮಾರು ೨ ಕೋಟಿ ೨೬ ಲಕ್ಷ ಜನ ಅಫೀಮು ವರ್ಗದ ವಸ್ತುಗಳನ್ನು ಬಳಸುತ್ತಿದ್ದರು. ೧೦ರಿಂದ ೧೭ ವಯಸ್ಸಿನ ಮಕ್ಕಳಲ್ಲಿ ಈ ಪ್ರಮಾಣ ಶೇಕಡ ೧.೮. ಹೆರಾಯಿನ್ ಮಾತ್ರವಲ್ಲ, ಕೊಡೀನ್ ಇರುವ ಕೆಮ್ಮಿನ ಔಷಧ, ನೋವಿನ ಮಾತ್ರೆಗಳೂ ಈ ಲೆಕ್ಕದಲ್ಲಿ ಸೇರಿವೆ. ಟ್ರಮಡಾಲ್ ಮಾತ್ರೆಯನ್ನು ೨೦೧೮ರಲ್ಲಿ ೧೯೮೫ರ ಮಾದಕ ವಸ್ತುಗಳ ಕಾಯಿದೆಯ ವ್ಯಾಪ್ತಿಗೆ ತರಲಾಯಿತು.

ಕಾನೂನು ಅಪರಾಧಿಯನ್ನು ದಂಡಿಸುವುದರ ಜೊತೆಗೆ ಆಸರೆಯ ಬಾಗಿಲನ್ನೂ ತೆರೆದಿಟ್ಟಿದೆ. ಮಕ್ಕಳಿಗೆ ಮಾದಕ ವಸ್ತು ಕೊಡುವವರಿಗೆ ೨೦೧೫ರ ಬಾಲನ್ಯಾಯ ಕಾಯಿದೆಯಂತೆ ಏಳು ವರ್ಷಗಳವರೆಗೆ ಕಠಿಣ ಶಿಕ್ಷೆಯಾಗಬಹುದು. ಅದೇ ವೇಳೆ, ತಾನಾಗಿ ಚಿಕಿತ್ಸೆ ಬಯಸಿ ಬಂದ ವ್ಯಸನಿಗೆ ಮಾದಕ ವಸ್ತುಗಳ ಕಾಯಿದೆಯು ಕೆಲವು ಷರತ್ತುಗಳ ಮೇಲೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ.

ಕನ್ನಡನಾಡಿಗೆ ಈ ಕಾರ್ಯ ಹೊಸದಲ್ಲ. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು ತಿರುಗಿ, ಕಾಣಿಕೆಯ ಬದಲಾಗಿ ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ ೧ನ್ನು ಕರ್ನಾಟಕ ಸರ್ಕಾರ ವ್ಯಸನಮುಕ್ತ ದಿನವೆಂದು ಘೋಷಿಸಿದೆ. ಆ ಜೋಳಿಗೆಯಲ್ಲಿ ಬೈಗುಳವಿರಲಿಲ್ಲ, ಬೇಡಿಕೆಯಿತ್ತು. ಚಟವನ್ನು ದೂರಮಾಡಿ ಮನುಷ್ಯನನ್ನು ಹತ್ತಿರ ಕರೆಯುವ ಕ್ರಮವಿತ್ತು. ಶಾಲೆ ಅನುಸರಿಸಬೇಕಾದುದೂ ಈ ಕ್ರಮವನ್ನೇ.

೮. ತರಗತಿಯಲ್ಲಿ ಪಾಠದ ಕ್ರಮ

ಮೇಲಿನ ವಿವೇಚನೆಯ ಆಧಾರದ ಮೇಲೆ, ಪ್ರೌಢಶಾಲೆಯ ತರಗತಿಗೆ ನಾಲ್ಕು ಹಂತದ ಪಾಠವನ್ನು ಸೂಚಿಸಬಹುದು.

(ಅ) ಸತ್ಯಸ್ಥಿತಿಯ ಅರಿವು: ‘ನಿಮ್ಮ ವಯಸ್ಸಿನ ನೂರು ಮಂದಿಯಲ್ಲಿ ಎಷ್ಟು ಜನ ಇಂಥ ವಸ್ತುಗಳನ್ನು ಬಳಸುತ್ತಾರೆಂದು ಊಹಿಸುವಿರಿ?’ ಎಂದು ಕೇಳಿ, ಹೆಸರಿಲ್ಲದ ಚೀಟಿಯಲ್ಲಿ ಬರೆಸಬೇಕು. ಮಕ್ಕಳ ಊಹೆ ಸಾಮಾನ್ಯವಾಗಿ ವಾಸ್ತವಕ್ಕಿಂತ ಹೆಚ್ಚಾಗಿರುತ್ತದೆ. ನೂರರಲ್ಲಿ ೯೮ ಮಂದಿ ಬಳಸುತ್ತಿಲ್ಲವೆಂದು ಸಮೀಕ್ಷೆಯ ಅಂಕಿಯನ್ನು ತೋರಿಸಿದಾಗ, ‘ಎಲ್ಲರೂ ಮಾಡುತ್ತಾರೆ’ ಎಂಬ ಭ್ರಮೆ ಕಳಚುತ್ತದೆ.

(ಆ) ನಿರಾಕರಣೆಯ ಅಭ್ಯಾಸ: ಕಬಡ್ಡಿಯಲ್ಲಿ ಕಾಲು ಉಳುಕಿದ ಬಾಲಕನಿಗೆ ಹಿರಿಯ ಆಟಗಾರನು ಮಾತ್ರೆ ನೀಡುತ್ತಾನೆ: ‘ತಗೋ ತಮ್ಮಾ, ಅರ್ಧ ತಾಸಿನ್ಯಾಗ ನೋವು ಹೋಗ್ತದ. ನಾನೂ ತಗೊಂಡೀನಿ.’ ಕಿರಿಯನು ಏನು ಹೇಳಬೇಕು? ‘ಬ್ಯಾಡಣ್ಣಾ, ಮನೀಗೆ ಹೋಗಿ ಅವ್ವಗ ಹೇಳ್ತೀನಿ, ನಾಳೆ ದವಾಖಾನಿಗೆ ಹೋಗ್ತೀನಿ.’ ಸುಲಭವಾಗಿ ಕಾಣುವ ಈ ಮಾತು ಇಕ್ಕಟ್ಟಿನಲ್ಲಿ ಬಾಯಿಗೆ ಬರುವುದು ಕಷ್ಟ. ನಿರಾಕರಿಸುವುದು, ಕಾರಣ ಹೇಳುವುದು, ಅಂಥ ಸಂದರ್ಭವನ್ನೇ ತಪ್ಪಿಸುವುದು, ಸ್ಥಳ ಬಿಟ್ಟು ಹೊರಡುವುದು, ಈ ನಾಲ್ಕನ್ನೂ ಇಬ್ಬಿಬ್ಬರಾಗಿ ಅಭಿನಯಿಸಿ ರೂಢಿಸಬೇಕು. ಡೇರ್ ಕಾರ್ಯಕ್ರಮವೂ ೨೦೦೯ರಲ್ಲಿ ಹಳೆಯ ಉಪನ್ಯಾಸವನ್ನು ಬಿಟ್ಟು ಇದೇ ಬಗೆಯ ಪಾಠಕ್ಕೆ ತಿರುಗಿತು.

(ಇ) ಔಷಧದ ವಿವೇಕ: ಒಬ್ಬರಿಗೆ ಬರೆದುಕೊಟ್ಟ ಮಾತ್ರೆ ಇನ್ನೊಬ್ಬರಿಗೆ ಔಷಧವಲ್ಲ. ಉಳಿದ ಮಾತ್ರೆಗಳನ್ನು ಮನೆಯಲ್ಲಿ ಬೀಗದೊಳಗೆ ಇಡಬೇಕು. ಅಮೆರಿಕದಲ್ಲಿ ನೋವಿನ ಮಾತ್ರೆಗಳ ದುರ್ಬಳಕೆ ಮಾಡಿದವರಲ್ಲಿ ಅರ್ಧಕ್ಕೂ ಹೆಚ್ಚು ಜನ ಅವನ್ನು ಪಡೆದದ್ದು ಬಂಧುಗಳಿಂದಲೋ ಗೆಳೆಯರಿಂದಲೋ. ಈ ಮಾತನ್ನು ಪಾಲಕರ ಸಭೆಯಲ್ಲಿಯೂ ಹೇಳಬೇಕು.

(ಈ) ಆಪತ್ತಿನಲ್ಲಿ ನೆರವು: ಎಬ್ಬಿಸಿದರೂ ಎಚ್ಚರವಾಗದಿರುವುದು, ನಿಧಾನವಾದ ಅಥವಾ ಗೊರಗುಟ್ಟುವ ಉಸಿರು, ನೀಲಿಗಟ್ಟಿದ ತುಟಿ ಮತ್ತು ಉಗುರು, ಸೂಜಿಯ ಮೊನೆಯಷ್ಟು ಕಿರಿದಾದ ಕಣ್ಣಪಾಪೆ, ಇವು ಅತಿಸೇವನೆಯ ಲಕ್ಷಣಗಳು. ‘ನಿದ್ದೆ ಮಾಡಲಿ, ಸರಿಹೋಗುತ್ತದೆ’ ಎಂದು ಬಿಡಬಾರದು. ೧೦೮ಕ್ಕೆ ಕರೆ ಮಾಡಿ, ಉಸಿರಾಡುತ್ತಿದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಹಿರಿಯರನ್ನು ಕೂಗಿ, ಸೇವಿಸಿದ್ದೇನೆಂದು ವೈದ್ಯರಿಗೆ ಮುಚ್ಚುಮರೆಯಿಲ್ಲದೆ ತಿಳಿಸಬೇಕು. ಮನಸ್ಸಿನ ತೊಳಲಾಟಕ್ಕೆ ೧೪೪೧೬, ವ್ಯಸನ ಬಿಡಲು ೧೪೪೪೬ ಸಂಖ್ಯೆಗಳಲ್ಲಿ ಸಹಾಯ ದೊರೆಯುತ್ತದೆ.

೯. ಉಪಸಂಹಾರ

ಈ ನಾಲ್ಕು ಹಂತಗಳಿಗೂ ಆಧಾರವಾದುದು ಶಾಲೆಯ ಮೇಲೆ ಮಗುವಿಗಿರುವ ನಂಬಿಕೆ. ಗೆಳೆಯನ ಚೀಲದಲ್ಲಿ ಮಾತ್ರೆ ಕಂಡ ವಿದ್ಯಾರ್ಥಿ ಯಾರಿಗೆ ಹೇಳಬೇಕು? ಹೇಳಿದರೆ ಅವನ ಹೆಸರು ಪ್ರಾರ್ಥನಾ ಸಭೆಯಲ್ಲಿ ಕೂಗಲ್ಪಡುವುದೇ? ಗೆಳೆಯನಿಗೆ ಆ ದಿನವೇ ವರ್ಗಾವಣೆ ಪತ್ರ ಸಿಗುವುದೇ? ಇವಕ್ಕೆ ಉತ್ತರ ‘ಹೌದು’ ಎಂದಾದರೆ ಮಕ್ಕಳು ಮೌನವಾಗುತ್ತಾರೆ. ಆ ಮೌನ ಒಂದು ಜೀವಕ್ಕೆ ಎರವಾಗಬಹುದು. ಶಾಲೆಯಿಂದ ಹೊರಹಾಕಿದ ಮಗು ಪಾಠದಿಂದಲೂ ಗೆಳೆಯರಿಂದಲೂ ದೂರವಾಗಿ, ಮಾರುವವನಿಗೆ ಇನ್ನಷ್ಟು ಹತ್ತಿರವಾಗುತ್ತದೆ. ಮಾರುವವನ ಬಗ್ಗೆ ಕಠೋರತೆ ಇರಲಿ. ಸಿಕ್ಕಿಬಿದ್ದ ಮಗುವಿನ ಬಗ್ಗೆ ಚಿಕಿತ್ಸಕನ ದೃಷ್ಟಿಯಿರಲಿ. ಪ್ರತಿ ಶಾಲೆಯಲ್ಲಿಯೂ ಮಕ್ಕಳು ಅಂಜದೆ ಮಾತನಾಡಬಹುದಾದ ಒಬ್ಬ ಉಪಾಧ್ಯಾಯರಾದರೂ ಇರಲಿ, ಅವರು ಯಾರೆಂಬುದು ಎಲ್ಲ ಮಕ್ಕಳಿಗೂ ತಿಳಿದಿರಲಿ. ಈ ವರ್ಷ ನಮ್ಮ ಶಾಲೆಗಳು ಇಷ್ಟನ್ನು ಮಾಡಿದರೂ ಮುಂದಿನ ಕೆಲಸಕ್ಕೆ ಭದ್ರವಾದ ತಳಹದಿ ದೊರೆತಂತಾಗುವುದು.

ಅಭ್ಯಾಸಕ್ಕಾಗಿ ಪ್ರಶ್ನೆಗಳು

೧. ಅಫೀಮು ವರ್ಗದ ಔಷಧಗಳು ನೋವನ್ನು ತಗ್ಗಿಸುವ ಬಗೆಯೂ ಉಸಿರನ್ನು ನಿಲ್ಲಿಸುವ ಬಗೆಯೂ ಒಂದೇ ಮೂಲದಿಂದ ಬಂದಿವೆ. ವಿವರಿಸಿರಿ.

೨. ಉಪನ್ಯಾಸದ ಪಾಠಕ್ಕೂ ಅಭ್ಯಾಸದ ಪಾಠಕ್ಕೂ ಇರುವ ವ್ಯತ್ಯಾಸವನ್ನು ಎರಡು ಉದಾಹರಣೆಗಳೊಡನೆ ತಿಳಿಸಿರಿ.

೩. ಬಳಸುವವರ ಸಂಖ್ಯೆ ಇಳಿದಾಗಲೂ ಸಾವು ಏರಿದ್ದೇಕೆ? ಇದರಿಂದ ಶಾಲೆಯ ಪಾಠದಲ್ಲಿ ಯಾವ ಬದಲಾವಣೆ ಅಗತ್ಯವಾಯಿತು?

೪. ನಿಮ್ಮ ಗೆಳೆಯನು ತೊಂದರೆಯಲ್ಲಿರುವನೆಂದು ತಿಳಿದಾಗ ನೀವು ಮೊದಲು ಯಾರ ಬಳಿಗೆ ಹೋಗುವಿರಿ? ಏಕೆ? ತರಗತಿಯಲ್ಲಿ ಚರ್ಚಿಸಿರಿ.